ಕಿವಿಯಮ್ಮ ಗುರುತು ಹಿಡಿದ ದನಿ

ಕಿವಿಯಮ್ಮನಿಗೆ ಆ ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಇಟ್ಟವರು ಯಾರೇ ಆಗಲಿ, ಸರಿಯಾಗಿಯೇ ಇಟ್ಟಿದ್ದರು. ಅವಳ ಕಣ್ಣು ನಲವತ್ತಕ್ಕೇ ಮಂಜಾಯಿತು, ಮೊಣಕಾಲು ಐವತ್ತಕ್ಕೆ ಮುಷ್ಕರ ಹೂಡಿತು, ಕಿವಿ ಮಾತ್ರ ಅರವತ್ಮೂರಾದರೂ ಒಂದು ದಿನ ರಜೆ ಕೇಳಲಿಲ್ಲ. ಬೀದಿಯ ಆ ತುದಿಯಲ್ಲಿ ಚಪ್ಪಲಿ ಸದ್ದಾದರೆ ಸಾಕು, ಬಂದವರು ಯಾರು, ಯಾವ ಕಾಲಿಗೆ ನೋವು, ಮನೆಯಲ್ಲಿ ಜಗಳವಾಡಿಕೊಂಡು ಹೊರಟಿದ್ದಾರೋ ಇಲ್ಲವೋ ಎಲ್ಲ ಹೇಳಿಬಿಡುತ್ತಿದ್ದಳು. ಒಮ್ಮೆ ಕೇಳಿದ ದನಿಯನ್ನು ಮರೆತದ್ದೇ ಇಲ್ಲ ಎಂದು ಸಿಕ್ಕವರ ಮುಂದೆಲ್ಲ ಬೀಗುತ್ತಿದ್ದಳು. ಅವಳನ್ನು ಹಾಳು ಮಾಡಿದ್ದು ಆ ಹೆಮ್ಮೆಯೇ. ಅವಳನ್ನಷ್ಟೇ ಹಾಳು ಮಾಡಿದ್ದರೆ ಇಷ್ಟೆಲ್ಲ ಹೇಳುವ ಗೋಜೇ ಇರುತ್ತಿರಲಿಲ್ಲ.

ವಯಸ್ಸಿನಲ್ಲಿದ್ದಾಗ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಳು. ಊರಿನ ಒಂದೊಂದು ಕರೆಯೂ ಯಾರೋ ಹುಡುಗಿಯ ಕೈಯಿಂದ ತಂತಿ ಸಿಕ್ಕಿಸಿಕೊಂಡೇ ಆಚೆ ದಾಟಬೇಕಾಗಿದ್ದ ಕಾಲ ಅದು. ಹನ್ನೊಂದು ಸೀಟು, ಹನ್ನೊಂದು ಹುಡುಗಿಯರು. ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸೀಟಿನ ನಂಬರೇ ಹೆಸರು. ಮೊದಲನೇ ಸೀಟಿನ ಕಿವಿಯಮ್ಮ ಮಾತ್ರ ಎಲ್ಲರಿಗೂ ದೊಡ್ಡಕ್ಕ, ಏಕೆಂದರೆ ಉಳಿದ ಹತ್ತೂ ಜನರಿಗೆ ಕೆಲಸ ಕಲಿಸಿದವಳು ಅವಳೇ. ಅಂಕಿಗಳನ್ನು ಎರಡೆರಡಾಗಿ ಹೇಳಬೇಕು. ಎರಡು ಹೇಳಿ, ಆ ಕಡೆಯವರು ಬರೆದುಕೊಳ್ಳುವಷ್ಟು ಹೊತ್ತು ತೆಪ್ಪಗಿದ್ದು, ಮತ್ತೆರಡು ಹೇಳಬೇಕು. ಉಸಿರು ಎಳೆಯುವಾಗ ಮುಖ ಪಕ್ಕಕ್ಕೆ ತಿರುಗಿಸಬೇಕು. ಎಲ್ಲ ಮುಗಿದ ಮೇಲೆ ಉಗುರಿನಿಂದ ಮೇಜನ್ನು ಎರಡು ಸಲ ತಟ್ಟಬೇಕು, ಟಕ್ ಟಕ್. ನನ್ನದು ಮುಗಿಯಿತು, ಮುಂದಿನದನ್ನು ನೀನು ತಗೋ ಎಂದು ಪಕ್ಕದ ಸೀಟಿಗೆ ಅದು ಸೂಚನೆ. ಇದು ಯಾವ ಇಲಾಖೆಯ ಪುಸ್ತಕದಲ್ಲೂ ಇರಲಿಲ್ಲ, ಅವಳದೇ ಕಟ್ಟಳೆ. ತಪ್ಪಿದವರ ಬೆರಳ ಗೆಣ್ಣಿಗೆ ಅಡಿಕೋಲಿನಿಂದ ಬಾರಿಸಿ ಬಾರಿಸಿ ಅದನ್ನು ಮೂಳೆಗೆ ಹತ್ತಿಸಿದ್ದಳು. ಐದನೇ ಸೀಟಿನಲ್ಲಿದ್ದವಳು ಅವಳ ಸ್ವಂತ ತಂಗಿ, ಹತ್ತೊಂಬತ್ತು ವರ್ಷದವಳು. ಅವಳಿಗೆ ಎಲ್ಲರಿಗಿಂತ ಎರಡೇಟು ಹೆಚ್ಚೇ ಬಿದ್ದಿತ್ತು.

ಎಕ್ಸ್‌ಚೇಂಜು ಮುಚ್ಚಿ ಮೂವತ್ತು ವರ್ಷವಾಯಿತು. ಮುಚ್ಚಿದ ದಿನ ಹನ್ನೊಂದು ಜನ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಕಿವಿಯಮ್ಮನ ಮನೆಯ ಗೋಡೆಯಲ್ಲಿದೆ. ಆಮೇಲೆ ಅವಳು ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ಕೂತು ನಿವೃತ್ತಳಾದಳು. ಮದುವೆ ಮಾಡಿಕೊಳ್ಳಲಿಲ್ಲ. ನೋಡಲು ಬಂದ ಗಂಡುಗಳ ದನಿ ಕೇಳಿಯೇ ಬೇಡ ಅಂದಳಂತೆ.

ಎರಡು ವರ್ಷದ ಹಿಂದೆ ಅದೇ ಹಳೆಯ ಎಕ್ಸ್‌ಚೇಂಜ್ ಕಟ್ಟಡಕ್ಕೆ ಸುಣ್ಣ ಬಳಿದು, ಗಾಜಿನ ಬಾಗಿಲು ಕೂರಿಸಿ, ‘ಜಾಲ ಸ್ವಾಸ್ಥ್ಯ ಕಚೇರಿ’ ಎಂದು ಬೋರ್ಡು ಹಾಕಿದರು. ಜನ ಫೋನಿನಲ್ಲಿ ಹಂಚಿಕೊಳ್ಳುವುದನ್ನು ನೋಡುವುದು, ಕೇಳುವುದು, ಸರ್ಕಾರಕ್ಕೆ ಆಗಿಬರದ್ದನ್ನು ತೆಗೆಯುವುದು, ಹೇಳಿದವರನ್ನು ಹುಡುಕುವುದು ಅಲ್ಲಿನ ಕೆಲಸ. ಮೊದಲು ಎಲ್ಲವನ್ನೂ ಮಿಷನ್ನಿಗೇ ಬಿಟ್ಟಿದ್ದರು. ಊಟ ಬಿಟ್ಟೆದ್ದ ಮಗನಿಗೆ ತಾಯಿಯೊಬ್ಬಳು “ಮನೆಗೆ ಬಾ, ಸಿಗಿದು ಹಾಕ್ತೀನಿ” ಎಂದು ಕಳಿಸಿದ್ದ ದನಿಯನ್ನು ಮಿಷನ್ನು ಕೊಲೆ ಬೆದರಿಕೆಯೆಂದು ಬಗೆದು, ಪೊಲೀಸರು ಆ ಮನೆಯ ಬಾಗಿಲು ಮುರಿದ ಮೇಲೆ ಮನುಷ್ಯರ ಕಿವಿ ಬೇಕೆನಿಸಿತು. ಕಿವಿಯಮ್ಮನಿಗೆ ಕರೆ ಬಂತು. ಅವಳು ಕೂರುವ ಮೇಜು ಹಿಂದೆ ಮೊದಲನೇ ಸೀಟಿದ್ದ ಜಾಗದಲ್ಲೇ ಬಿತ್ತು. ಹೆಡ್‌ಫೋನ್ ಏರಿಸಿದ ದಿನ ಅವಳಿಗೆ ಕಣ್ಣು ತುಂಬಿ ಬಂತು. ಮತ್ತೆ ಬೇಕಾದೆನಲ್ಲ ಎಂಬ ಸಂತೋಷ.

ಕೆಲಸ ಇಷ್ಟೆ. ದನಿಯ ತುಣುಕನ್ನು ಕೇಳಬೇಕು, ಒಂದಕ್ಷರ ಬಿಡದೆ ಟೈಪು ಮಾಡಬೇಕು, ಕೊನೆಯಲ್ಲಿ ‘ಗುರುತು’ ಎಂಬ ಕಲಮಿನಲ್ಲಿ ದನಿ ಯಾರದೆಂದು ತುಂಬಬೇಕು. ಉಳಿದವರ ಕಲಮು ಸಾಮಾನ್ಯವಾಗಿ ಖಾಲಿ. ಕಿವಿಯಮ್ಮ ಎರಡು ವರ್ಷದಲ್ಲಿ ನಲವತ್ತೊಂದು ಹೆಸರು ತುಂಬಿದ್ದಳು. ಒಬ್ಬ ಮೇಷ್ಟ್ರು, ಇಬ್ಬರು ನರ್ಸುಗಳು, ನೀರು ಸರಬರಾಜಿನ ಸಾಹೇಬನನ್ನು ಅಣಕಿಸಿದ್ದ ಒಬ್ಬ ಕ್ಷೌರಿಕ. ಅವರೆಲ್ಲ ಆಮೇಲೆ ಏನಾದರು ಎಂದು ಅವಳು ಕೇಳಲಿಲ್ಲ. ಅದು ಅವಳ ಕಲಮಲ್ಲ. ಅಲ್ಲಿನ ಸಾಹೇಬ ಮೂವತ್ತರ ಆಸುಪಾಸಿನವನು, ಬಹಳ ವಿನಯವಂತ, ತಾನೇ ಎದ್ದು ಹೋಗಿ ಅವಳಿಗೆ ಚಹಾ ತಂದುಕೊಡುವಂಥವನು. “ನೀವಿಲ್ದೆ ಇದ್ರೆ ನಾವು ಕಿವುಡರು ಅಮ್ಮ” ಎಂದು ಅವನೊಂದು ದಿನ ಅಂದದ್ದನ್ನು ಅವಳು ಮನೆಗೆ ಬಂದು ತಂಗಿಗೆ ನಾಲ್ಕು ಸಲ ಹೇಳಿದ್ದಳು.

ತಂಗಿ ಅಕ್ಕನ ಮನೆಗೆ ಬಂದದ್ದು ನೂಲಿನ ಗಿರಣಿಗೆ ಬೆಂಕಿ ಬಿದ್ದ ಮೇಲೆ. ಅವಳ ಗಂಡ ಅಲ್ಲಿ ಮೇಸ್ತ್ರಿಯಾಗಿದ್ದ. ಸತ್ತವರು ಆರು ಜನ ಎಂದು ಪಟ್ಟಿ ಅಂಟಿಸಿದರು. ಆರರಲ್ಲಿ ಅವನಿರಲಿಲ್ಲ. ವಿಚಾರಿಸಿದರೆ ಆ ದಿನ ಗೈರುಹಾಜರು ಎಂದರು. ಗೈರುಹಾಜರಾದವನು ಮನೆಗೂ ಬರಲಿಲ್ಲ, ಎಲ್ಲೂ ಸಿಗಲಿಲ್ಲ. ಊರಿನಲ್ಲಿ ಅಂಥ ಗೈರುಹಾಜರು ಹದಿನಾಲ್ಕು ಮನೆಗಳಲ್ಲಿದ್ದರು. ಮಾತಾಡಿದವರನ್ನು ವದಂತಿ ಹಬ್ಬಿಸಿದ್ದಕ್ಕೆ ಎಳೆದೊಯ್ದರು. ಎರಡು ತಿಂಗಳಲ್ಲಿ ಇಡೀ ಊರು ತುಟಿ ಹೊಲಿದುಕೊಂಡಿತು.

ಆಗ ಶುರುವಾಯಿತು ಶುಕ್ರವಾರದ ದನಿ. ಪ್ರತಿ ಶುಕ್ರವಾರ ಫೋನಿಂದ ಫೋನಿಗೆ ಎರಡು ನಿಮಿಷದ ತುಣುಕೊಂದು ಹಾರಿ ಬರುತ್ತಿತ್ತು. ಎಲ್ಲಿಂದ ಹೊರಟಿತೆಂದು ಹುಡುಕುವಷ್ಟರಲ್ಲಿ ಸಾವಿರ ಕೈ ದಾಟಿರುತ್ತಿತ್ತು. ದನಿಯನ್ನು ಯಾವುದೋ ಆ್ಯಪಿನಲ್ಲಿ ತಿರುಚಿದ್ದರು, ತಗಡಿನ ಡಬ್ಬದೊಳಗೆ ಮುದುಕಿ ಕೂತು ಮಾತಾಡಿದ ಹಾಗೆ. “ಇವತ್ತು ಬಾಬಿನ್ ವಿಭಾಗದ ತಾತನ ವಿಷಯ” ಎಂದಿತ್ತು ಮೊದಲನೆಯದು. “ಪಟ್ಟಿ ಪ್ರಕಾರ ಅವ್ನು ಆವತ್ತು ಕೆಲಸಕ್ಕೇ ಬಂದಿಲ್ಲ. ಬರದೇ ಇದ್ದವನ ಸೈಕಲ್ಲು ಗಿರಣಿ ಗೋಡೆಗೆ ಒರಗಿಕೊಂಡು ಇನ್ನೂ ನಿಂತಿದೆ. ಸೀಟಿನ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ. ಸೈಕಲ್ಲು ತಾನಾಗೇ ಬಂತಾ? ಸ್ವಲ್ಪ ವಿಚಾರಿಸಿ ಹೇಳಿ.” ವಾರಕ್ಕೊಬ್ಬ ಗೈರುಹಾಜರಿ. ಅವನು ಯಾವ ಬಣ್ಣದ ಅಂಗಿ ಹಾಕಿದ್ದ, ಯಾರ ಹತ್ತಿರ ಬೀಡಿ ಕೇಳಿದ್ದ, ಮಗಳಿಗೆ ಏನು ತರುತ್ತೇನೆಂದು ಮಾತು ಕೊಟ್ಟಿದ್ದ. ಅಷ್ಟೇ. ಬೈಗುಳವಿಲ್ಲ, ಘೋಷಣೆಯಿಲ್ಲ. ಕೇಳಿದವರು ನಗುತ್ತಿದ್ದರು, ನಕ್ಕ ಮೇಲೆ ಊಟ ಸೇರುತ್ತಿರಲಿಲ್ಲ.

ಅವನ್ನೆಲ್ಲ ಟೈಪು ಮಾಡಿದವಳು ಕಿವಿಯಮ್ಮನೇ. ಗುರುತಿನ ಕಲಮು ಮಾತ್ರ ಒಂಬತ್ತು ವಾರವೂ ಖಾಲಿ ಹೋಯಿತು. ಪಕ್ಕದ ಮೇಜಿನವರು ಮುಸಿಮುಸಿ ನಗತೊಡಗಿದರು. ಸಾಹೇಬನೂ ಚಹಾ ತರುವುದನ್ನು ಮರೆಯತೊಡಗಿದ.

“ಏನು ಚೆನ್ನಾಗಿ ಹೇಳ್ತಾಳೆ ಗೊತ್ತಾ ಪುಟ್ಟಿ” ಎಂದು ಸಂಜೆ ತಂಗಿಯ ಮುಂದೆ ಕೂತು ಅವಳೇ ಶುರು ಮಾಡುತ್ತಿದ್ದಳು. “ಹಾಳಾದ ಮಿಷನ್ನು ದನಿಯನ್ನೆಲ್ಲ ಕೆಡಿಸಿಬಿಟ್ಟಿದೆ. ಇಲ್ದೆ ಇದ್ರೆ ಒಂದೇ ಏಟಿಗೆ ಹಿಡೀತಿದ್ದೆ.”

“ಹಿಡಿದು ಏನ್ ಮಾಡ್ತೀಯಕ್ಕ?” ಎಂದಳು ತಂಗಿ, ತೊಳೆದ ತಟ್ಟೆ ಒರೆಸುತ್ತ.

“ಏನ್ ಮಾಡ್ತೀನಿ, ಹೆಸರು ಬರೀತೀನಿ.”

“ಅವಳು ಹೇಳೋದು ಸುಳ್ಳಾ?”

“ಸುಳ್ಳೋ ನಿಜಾನೋ ನನಗ್ಯಾಕೆ? ಯಾರು ಅನ್ನೋದಷ್ಟೇ ನಂದು.”

ತಂಗಿ ತಟ್ಟೆ ಒರೆಸಿದ್ದನ್ನೇ ಒರೆಸುತ್ತ ನಿಂತಳು. ಸೂಜಿ ಬಿದ್ದರೆ ಕೇಳುವ ಕಿವಿಯಮ್ಮನಿಗೆ ಆ ಮೌನ ಕೇಳಿಸಲಿಲ್ಲ.

ಹತ್ತನೇ ಶುಕ್ರವಾರ ದನಿಯ ವರಸೆ ಬೇರೆಯಿತ್ತು. ಗಿರಣಿಯ ಗೇಟಿನ ಹಾಜರಿ ಪುಸ್ತಕದ ಹಾಳೆಯೊಂದು ಎಲ್ಲಿಂದಲೋ ದನಿಯವಳ ಕೈಗೆ ಸಿಕ್ಕಿತ್ತು. ಒಳಗೆ ಹೋದವರ ಟೋಕನ್ ನಂಬರುಗಳನ್ನು ಓದತೊಡಗಿದಳು, ನಾಲ್ಕು ನಾಲ್ಕು ಅಂಕಿಯ ಹದಿನಾಲ್ಕು ನಂಬರು. “ನಲವತ್ತೆರಡು.” ಬರೆದುಕೊಳ್ಳುವಷ್ಟು ಹೊತ್ತು ಸುಮ್ಮನೆ. “ಹದಿನೇಳು.” ಉಸಿರು ದೂರದಿಂದ ಬಂತು, ಮುಖ ಪಕ್ಕಕ್ಕೆ ತಿರುಗಿತ್ತು. ಕಿವಿಯಮ್ಮ ಕುರ್ಚಿಯಲ್ಲಿ ನೆಟ್ಟಗಾದಳು. ಮೈಯೆಲ್ಲ ಕಿವಿಯಾಯಿತು. ಹದಿನಾಲ್ಕೂ ಮುಗಿದ ಮೇಲೆ, ತೀರಾ ಸಣ್ಣಗೆ, ಟಕ್ ಟಕ್.

“ಸಾರ್!” ಹೆಡ್‌ಫೋನ್ ಕಿತ್ತೆಸೆದು ಅವಳು ಕೂಗಿದ್ದು ಇಡೀ ಹಾಲಿಗೆ ಕೇಳಿತು. “ಸಿಕ್ಕಳು ಸಾರ್! ಇವಳು ನಮ್ಮ ಎಕ್ಸ್‌ಚೇಂಜಿನವಳು! ದನಿ ಬದಲಾಯಿಸಿದ್ರೆ ಆಯ್ತಾ, ನಾನು ಕಲಿಸಿದ್ದು ಹೋಗುತ್ತಾ?”

ಹೇಳಿ ಮುಗಿಸಿ, ಸುತ್ತ ನಿಂತವರ ಮುಖವನ್ನೆಲ್ಲ ನೋಡಿ, ಚಪ್ಪಾಳೆಗೆ ಕಾಯುವವಳ ಹಾಗೆ ನಕ್ಕಳು. ಆ ನಗು ಇನ್ನೂ ತುಟಿಯ ಮೇಲಿರುವಾಗಲೇ ತಲೆಯಲ್ಲಿ ಲೆಕ್ಕ ಶುರುವಾಯಿತು. ಎಕ್ಸ್‌ಚೇಂಜಿನವರಲ್ಲಿ ಬದುಕಿರುವವರು ಯಾರು? ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಬಂತು, ಮಾತು ಆಗಲೇ ಸಾಹೇಬನ ಕಿವಿ ಸೇರಿತ್ತು.

“ಎಷ್ಟು ಜನ ಇದ್ರಿ ಅಮ್ಮ?” ಎಂದ ಸಾಹೇಬ, ಮೆಲ್ಲಗೆ.

“ಹನ್ನೊಂದು.”

“ಫೋಟೋ ಗೀಟೋ ಇದೆಯಾ?”

ಇಲ್ಲ ಎನ್ನಬಹುದಿತ್ತು. ಆದರೆ ಆ ಫೋಟೋದ ಕಥೆಯನ್ನು ಅವಳೇ ಕೊಚ್ಚಿಕೊಂಡು ಕೊಚ್ಚಿಕೊಂಡು ಇಡೀ ಕಚೇರಿಗೆ ಬಾಯಿಪಾಠವಾಗಿತ್ತು. “ಸೋಮವಾರ ತರ್ತೀನಿ ಸಾರ್” ಎಂದಳು. ಸಾಹೇಬ ಎದ್ದು ಹೋಗಿ ಚಹಾ ತಂದುಕೊಟ್ಟ.

ಮನೆಗೆ ಬಂದವಳೇ ಬಾಗಿಲು ಹಾಕಿ ತಂಗಿಯ ರಟ್ಟೆ ಹಿಡಿದಳು. “ನೀನಾ?”

“ಹೌದು” ಎಂದಳು ತಂಗಿ. ಸುತ್ತುಬಳಸಲಿಲ್ಲ. “ನೀನು ಕಚೇರಿಗೆ ಹೋದ ಮೇಲೆ ಹಾಸಿಗೆ ಇಡೋ ಕೋಣೇಲಿ ಕೂತು ಹೇಳ್ತೀನಿ. ಕೊನೇ ನಂಬರು ಕೇಳಿಸ್ಕೊಂಡ್ಯಾ ಅಕ್ಕ?”

“ಎಲ್ಲಾನೂ ಕೇಳಿಸ್ಕೊಂಡೆ.”

“ಅದು ನನ್ನ ಗಂಡಂದು.”

ಕಿವಿಯಮ್ಮ ಹಿಡಿದಿದ್ದ ರಟ್ಟೆ ಬಿಟ್ಟಳು. ಹದಿನೆಂಟು ವರ್ಷ ಆ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಅವನ ಜೇಬಿನ ಮೇಲೆ ನೋಡಿದ್ದಳು. ಅವನ ನಂಬರನ್ನು ಅವಳ ಕೈಯೇ ಟೈಪು ಮಾಡಿತ್ತು. ದನಿ ಯಾರದೆಂದು ಹುಡುಕುವ ಭರದಲ್ಲಿ ದನಿ ಏನು ಹೇಳುತ್ತಿದೆ ಎಂಬುದು ಅವಳ ತಲೆಗೇ ಇಳಿದಿರಲಿಲ್ಲ.

“ನಿಲ್ಸಿಬಿಡು ಪುಟ್ಟಿ. ನಿನ್ನ ಕಾಲಿಗೆ ಬೀಳ್ತೀನಿ. ಒಳಗೆ ಹಾಕಿದ್ರೆ ಆಚೆ ಬರಲ್ಲ ನೀನು.”

“ಇನ್ನು ಐದು ಜನ ಇದ್ದಾರೆ. ಅವನದು ಕೊನೇದು. ಅದಾದ ಮೇಲೆ ಏನಾದ್ರೂ ಆಗ್ಲಿ. ನೀನೇ ಹೆಸರು ಬರಿ, ಬೇಡ ಅನ್ನಲ್ಲ.”

ಭಾನುವಾರ ಇಡೀ ದಿನ ಕಿವಿಯಮ್ಮ ಫೋಟೋ ಮುಂದೆ ಕೂತಳು. ಏಳು ಜನ ಸತ್ತಿದ್ದರು, ಅವರ ಸಾವಿಗೆ ಇವಳೇ ಹೋಗಿ ಬಂದಿದ್ದಳು. ಒಬ್ಬಳು ಮಗಳ ಜೊತೆ ದೇಶ ಬಿಟ್ಟು ಹತ್ತು ವರ್ಷ. ಉಳಿದವರು ತಾನು, ತಂಗಿ, ಮತ್ತೆ ನಾಲ್ಕನೇ ಸೀಟಿನವಳು. ತಂಗಿಯ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತ ದಪ್ಪ ಜಡೆಯವಳು. ಅವಳ ಸುದ್ದಿಯಿಲ್ಲದೆ ಎಂಟು ವರ್ಷವಾಗಿತ್ತು. ಆಗಲೇ ಸಕ್ಕರೆ ಕಾಯಿಲೆ, ಒಂದು ಕಣ್ಣು ಹೋಗಿತ್ತು. ಸತ್ತಿರಬೇಕು, ಎಂದುಕೊಂಡಳು ಕಿವಿಯಮ್ಮ. ಮಧ್ಯಾಹ್ನದ ಹೊತ್ತಿಗೆ, ಸತ್ತೇ ಹೋಗಿದ್ದಾಳೆ ಎಂದಾಯಿತು. ಸಂಜೆಗೆ ಅವಳ ಸಾವಿನ ಸುದ್ದಿಯನ್ನು ಯಾರೋ ಹೇಳಿದ್ದೂ ನೆನಪಾದ ಹಾಗಾಯಿತು. ಸತ್ತವಳನ್ನು ಯಾರು ತಾನೇ ಏನು ಮಾಡಿಯಾರು? ಸ್ವಲ್ಪ ದಿನ ಹುಡುಕುತ್ತಾರೆ, ಗೋರಿ ಸಿಗುತ್ತದೆ, ಕಡತ ಮುಚ್ಚುತ್ತಾರೆ.

ಸೋಮವಾರ ಸಾಹೇಬನ ಮೇಜಿನ ಮೇಲೆ ಫೋಟೋ ಇಟ್ಟು, ನಾಲ್ಕನೇ ಸೀಟಿನವಳ ಮುಖದ ಮೇಲೆ ಬೆರಳಿಟ್ಟಳು.

ಗುರುವಾರ ಸಾಹೇಬ ಅವಳನ್ನು ಕರೆದು ಎದುರು ಕೋಣೆಯ ಮೈಕಿಗೆ ಹೆಡ್‌ಫೋನ್ ಜೋಡಿಸಿಕೊಟ್ಟ. ವಿಚಾರಣೆ ನಡೆಯುತ್ತದೆ, ಟೈಪು ಮಾಡಿ ಅಮ್ಮ, ಕೊನೆಗೆ ಗುರುತು ತುಂಬಿ, ಎಂದ. ಗಾಜಿನಾಚೆ ಯಾರೋ ಬೆನ್ನು ಮಾಡಿ ಕೂತಿದ್ದರು. ಕೆಮ್ಮಿದ ಸದ್ದು ಕೇಳಿತು. ಆ ಕೆಮ್ಮಿಗೇ ಗೊತ್ತಾಯಿತು. ನಾಲ್ಕನೇ ಸೀಟು! ಒಂದು ಗಳಿಗೆ, ಒಂದೇ ಗಳಿಗೆ, ಬದುಕಿದ್ದಾಳಲ್ಲ ಮಾರಾಯ್ತಿ ಎಂದು ಕಿವಿಯಮ್ಮನಿಗೆ ಖುಷಿಯೇ ಆಯಿತು. ಆಮೇಲೆ ತಾನು ಬೆರಳಿಟ್ಟದ್ದು ಯಾರ ಮುಖದ ಮೇಲೆಂದು ನೆನಪಾಯಿತು.

“ನಾನು ಅಕ್ಕನ ಮಗಳ ಮನೇಲಿ ಬಿದ್ದಿರೋಳು ಸ್ವಾಮಿ” ಎನ್ನುತ್ತಿದ್ದಳು ಅವಳು. “ಎರಡೂ ಕಣ್ಣು ಹೋಗಿವೆ. ಫೋನಲ್ಲಿ ಹಸಿರು ಗುಂಡಿ ಒತ್ತಿದ್ರೆ ಮಾತು, ಕೆಂಪು ಒತ್ತಿದ್ರೆ ಇಲ್ಲ. ಅದೂ ಆ ಮಗು ತೋರಿಸ್ಕೊಟ್ಟಿದ್ದು. ದನಿ ಬದಲಾಯಿಸೋದು ನಂಗೇನು ಗೊತ್ತು?”

“ಸರಿ ಅಜ್ಜಿ, ಈ ನಂಬರ್‌ಗಳನ್ನ ನಾನು ಹೇಳ್ತೀನಿ, ನೀವು ಹಿಂದೇನೇ ಹೇಳಿ. ಅಷ್ಟು ಸಾಕು” ಎಂದ ಸಾಹೇಬ.

ಕಿವಿಯಮ್ಮ ಕಣ್ಣು ಮುಚ್ಚಿಕೊಂಡಳು. ಮುಚ್ಚಬೇಕಾದ್ದು ಕಿವಿ, ಅದನ್ನು ಮುಚ್ಚಲು ಬರುವುದಿಲ್ಲ. ನಲವತ್ತೆರಡು. ಸುಮ್ಮನೆ. ಹದಿನೇಳು. ಮುಖ ಪಕ್ಕಕ್ಕೆ ತಿರುಗಿಸಿ ಉಸಿರು. ಅಡಿಕೋಲಿನಿಂದ ಹೊಡೆದು ಹತ್ತಿಸಿದ್ದು ಮೂವತ್ತು ವರ್ಷವಾದರೂ, ಕಣ್ಣು ಹೋದರೂ, ಒಂದಿಷ್ಟೂ ಸವೆದಿರಲಿಲ್ಲ. ನಂಬರು ಮುಗಿದದ್ದೇ, ಏನು ಮಾಡುತ್ತಿದ್ದೇನೆಂಬ ಪರಿವೆಯೂ ಇಲ್ಲದೆ, ಮುದುಕಿ ಮೇಜು ತಟ್ಟಿದಳು. ಟಕ್ ಟಕ್. ಸಾಹೇಬ ಗಾಜಿನೊಳಗಿಂದ ಕಿವಿಯಮ್ಮನ ಕಡೆ ನೋಡಿ ಮೆಚ್ಚುಗೆಯಿಂದ ತಲೆದೂಗಿದ.

“ನನ್ನ ಮಾತು ನಂಬದಿದ್ರೆ ಬಿಡಿ” ಎಂದಳು ನಾಲ್ಕನೇ ಸೀಟಿನವಳು. “ನಮ್ಮ ದೊಡ್ಡಕ್ಕ ಒಬ್ಬಳಿದ್ದಳು. ಇದ್ದಾಳೋ ಇಲ್ವೋ ಗೊತ್ತಿಲ್ಲ, ಇದ್ರೆ ಅವಳನ್ನ ಕರೆಸಿ ಕೇಳಿ. ಆ ದನಿ ನಂದು ಹೌದೋ ಅಲ್ವೋ ಒಂದೇ ಸಲಕ್ಕೆ ಹೇಳ್ತಾಳೆ. ಅವಳ ಕಿವಿ ಸುಳ್ಳು ಹೇಳಲ್ಲ ಸ್ವಾಮಿ.”

ಕಿವಿಯಮ್ಮ ಅದನ್ನೂ ಟೈಪು ಮಾಡಿದಳು. ಒಂದಕ್ಷರ ಬಿಡಲಿಲ್ಲ. ಆಮೇಲೆ ಗುರುತಿನ ಕಲಮಿಗೆ ಬಂದಳು. ತಂಗಿಯ ಮುಖ ಕಣ್ಣ ಮುಂದೆ ಬಂತು, ಅದನ್ನೇ ನೆಪ ಮಾಡಿಕೊಂಡಳು. ನಾಲ್ಕನೇ ಸೀಟಿನವಳ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ತಪ್ಪಿಲ್ಲದೆ ತುಂಬಿ ಸಹಿ ಹಾಕಿದಳು.

ಶುಕ್ರವಾರ ಬೆಳಗ್ಗೆ ಎಲ್ಲರ ಫೋನಿನಲ್ಲೂ ಸುದ್ದಿ ಬಂತು: ವದಂತಿಯ ಅಜ್ಜಿ ಕೊನೆಗೂ ಬಲೆಗೆ. ಜೊತೆಗೆ ಕುರುಡು ಮುದುಕಿಯ ಫೋಟೋ. ತಂಗಿ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಇದು ನಮ್ಮ ನಾಲ್ಕನೇ ಸೀಟು.”

“ಬದುಕಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ ಕಣೆ. ದೇವರಾಣೆ.”

“ಬಂದೇ ಇರಲಿಲ್ಲ ಅಂತ ಗಿರಣಿಯವರು ಬರೆದ್ರು. ಇದ್ದವಳನ್ನ ಇಲ್ಲವೇ ಇಲ್ಲ ಅಂತ ನೀನು ಲೆಕ್ಕ ಹಾಕಿದೆ. ಏನಕ್ಕ ವ್ಯತ್ಯಾಸ?” ತಂಗಿ ಕೂಗಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ಮೊಣಕಾಲು ನೋವಿನ ಕಿವಿಯಮ್ಮ ಅವಳ ಹಿಂದೆ ಓಡಲಾರದೆ ಓಡಿ ಕಚೇರಿ ಮುಟ್ಟುವ ಹೊತ್ತಿಗೆ ತಂಗಿ ಆಗಲೇ ಸಾಹೇಬನ ಎದುರು ಕೂತಿದ್ದಳು.

“ಆ ಮುದುಕೀನ ಬಿಟ್ಬಿಡಿ. ಮಾತಾಡಿದವಳು ನಾನು” ಎನ್ನುತ್ತಿದ್ದಳು. “ನಂಬಿಕೆ ಇಲ್ದಿದ್ರೆ ಅಕ್ಕನ್ನೇ ಕೇಳಿ.”

ಸಾಹೇಬ ಕಿವಿಯಮ್ಮನ ಕಡೆ ತಿರುಗಿದ. ಹೌದು ಎಂದರೆ ತಂಗಿ ಹೋದಳು, ನಿನ್ನೆ ಹಾಕಿದ ಸಹಿಗೆ ತಾನೂ ಹೋದಳು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಿದಳೋ, ಅದು ಅವಳಿಗೂ ಗೊತ್ತಿಲ್ಲ.

“ಇವಳಲ್ಲ ಸಾರ್” ಎಂದಳು. “ಗಂಡ ಹೋದಾಗಿಂದ ಇವಳಿಗೆ ತಲೆ ಸರಿ ಇಲ್ಲ. ಆ ದನಿ ಕೇಳಿ ಕೇಳಿ ತಾನೇ ಅಂದ್ಕೊಂಡಿದ್ದಾಳೆ. ಮನೇಲಿ ಬರೀ ಇದೇ ಹಾಡು. ನಾನು ನೋಡ್ಕೋತೀನಿ ಸಾರ್, ತಪ್ಪು ತಿಳ್ಕೋಬೇಡಿ.”

ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ಸಾಹೇಬ ಎದ್ದು ಬಂದು, ಬಹಳ ಮರುಕದಿಂದ, ತಂಗಿಗೂ ಒಂದು ಲೋಟ ಚಹಾ ತಂದುಕೊಟ್ಟ.

ಮುಂದಿನ ಶುಕ್ರವಾರ ತುಣುಕೊಂದು ಬಂತು. ಮಿಷನ್ನಿಲ್ಲದ, ಬರಿಯ ದನಿ. ನಡುವಿನ ನಾಲ್ವರನ್ನು ಬಿಟ್ಟು ನೇರ ಕೊನೆಯವನಿಗೇ ಬಂದಿದ್ದಳು. “ಇವತ್ತು ನನ್ನ ಗಂಡನ ವಿಷಯ. ಆವತ್ತು ಬೆಳಗ್ಗೆ ಅವನ ಅಂಗಿ ತೋಳಿನ ಗುಂಡಿ ಕಿತ್ತು ಹೋಯ್ತು. ಸಾಯಂಕಾಲ ಹೊಲಿದುಕೊಡ್ತೀನಿ ಅಂದೆ. ಗುಂಡಿ ನನ್ನ ಹತ್ರಾನೇ ಇದೆ. ತೋಳು ಎಲ್ಲಿದೆ ಅಂತ ಯಾರಾದ್ರೂ ಹೇಳಿ.” ಅದನ್ನು ಹಂಚಿಕೊಂಡವರು ಇಪ್ಪತ್ತು ಜನವೂ ಇಲ್ಲ. ನಕಲಿ, ನಿಜವಾದವಳು ಜೈಲಿನಲ್ಲಿದ್ದಾಳೆ ಎಂದು ಜನ ಕೆಳಗೆ ಬರೆದರು. ಯಾರೋ ನಗುವ ಮುಖ ಅಂಟಿಸಿದ್ದರು.

ಕಿವಿಯಮ್ಮ ಅದನ್ನು ಟೈಪು ಮಾಡಿ ಸಾಹೇಬನ ಮುಂದಿಟ್ಟಳು. “ನಿಮ್ಮ ತಂಗಿ ಅಲ್ವಾ? ಪಾಪ” ಎಂದ ಅವನು. “ಇದನ್ನ ತೆಗೆಯೋದು ಬೇಡ ಅಮ್ಮ, ಇರಲಿ ಬಿಡಿ. ಯಾರು ನಂಬ್ತಾರೆ?” ಗುರುತಿನ ಕಲಮಿನಲ್ಲಿ ಅವನೇ ತನ್ನ ಕೈಯಿಂದ ‘ಮತಿಭ್ರಮಣೆ’ ಎಂದು ಬರೆದ.

ನಾಲ್ಕನೇ ಸೀಟಿನವಳನ್ನು ದೂರದ ಜೈಲಿಗೆ ಕಳಿಸಿದರೆಂದು ಕೇಳಿದ್ದಷ್ಟೆ. ಆಮೇಲೆ ಸುದ್ದಿಯಿಲ್ಲ. ಕಿವಿಯಮ್ಮ ದಿನವೂ ಕಚೇರಿಗೆ ಹೋಗುತ್ತಾಳೆ, ಅವಳ ಮೇಜಿಗೆ ಚಹಾ ತಪ್ಪದೆ ಬರುತ್ತದೆ. ತಂಗಿ ಮನೆಯಲ್ಲೇ ಇದ್ದಾಳೆ. ಯಾರೂ ಅವಳನ್ನು ಮುಟ್ಟಲಿಲ್ಲ, ಕಿವಿಯಮ್ಮ ಬೇಡಿಕೊಂಡದ್ದು ಅಕ್ಷರಶಃ ಈಡೇರಿದೆ. ಆದರೆ ಆ ಶುಕ್ರವಾರದಿಂದ ತಂಗಿ ಅಕ್ಕನೊಡನೆ ಒಂದು ಮಾತು ಆಡಿಲ್ಲ. ಸಂಜೆ ಅಕ್ಕ ಬರುವ ಹೊತ್ತಿಗೆ ಅಡುಗೆ ಮುಗಿಸಿ, ತಟ್ಟೆ ಬಡಿಸಿ, ಅವಳ ಮುಂದೆ ಇಡುತ್ತಾಳೆ. ಕಿವಿಯಮ್ಮ ಏನಾದರೂ ಮಾತು ತೆಗೆಯುತ್ತಾಳೆ, ಬೈಯುತ್ತಾಳೆ, ಕೆಲವೊಮ್ಮೆ ಅಳುತ್ತಾಳೆ. ತಂಗಿ ಕೇಳಿಸಿಕೊಳ್ಳುತ್ತಾಳೆ, ಮುಗಿಯುವವರೆಗೂ ಕಾಯುತ್ತಾಳೆ. ಆಮೇಲೆ ಬೆರಳು ಮಡಿಸಿ ಉಗುರಿನಿಂದ ಮೇಜನ್ನು ಎರಡು ಸಲ ತಟ್ಟಿ ಒಳಗೆ ಹೋಗುತ್ತಾಳೆ.